ಪರಾತದೊಳಗಿನ ನ್ಯಾನೊಮೀಟರ್: ಅತಿ ಸಣ್ಣ ಉದ್ದಗಳನ್ನು ಮನೆಯಲ್ಲೇ ಅಳೆಯುವ ದಾರಿ

ಚಿತ್ರದುರ್ಗದ ಕಡೆಯ ಹಳ್ಳಿಯೊಂದರ ಶುದ್ಧ ಕುಡಿಯುವ ನೀರಿನ ಘಟಕ. ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ದಪ್ಪಕ್ಷರ: '0.0001 ಮೈಕ್ರಾನ್ ಶೋಧನೆ'. ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿದ್ದ ಹತ್ತನೇ ಕ್ಲಾಸಿನ ಹುಡುಗಿ ನನ್ನನ್ನು ಕೇಳಿದಳು, "ಸಾರ್, ಅಷ್ಟು ಸಣ್ಣ ತೂತಲ್ಲಿ ನೀರಾದ್ರೂ ಹೆಂಗೆ ತೂರುತ್ತೆ?"

ಭೌತಶಾಸ್ತ್ರ ಪಾಠ ಮಾಡಿಕೊಂಡೇ ತಲೆ ನೆರೆತ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮೈಕ್ರಾನ್ ಅನ್ನುವ ಮಾತು ನಾವು ದಿನವೂ ಕೇಳುವಂಥದ್ದೇ. ದಾವಣಗೆರೆಯ ಮಂಡಿಪೇಟೆಯಲ್ಲಿ ಪ್ಲಾಸ್ಟಿಕ್ ಕೊಳ್ಳಲು ಹೋದರೆ ಮೈಕ್ರಾನ್, ಫಿಲ್ಟರ್ ಅಂಗಡಿಯಲ್ಲಿ ಮೈಕ್ರಾನ್, ಗೊಬ್ಬರದಂಗಡಿಗೆ ಹೋದರೆ ನ್ಯಾನೊ ಯೂರಿಯಾ, ಮೊಬೈಲ್ ಅಂಗಡಿಯಲ್ಲಿ '3 ನ್ಯಾನೊಮೀಟರ್ ಚಿಪ್'. ಮಾತು ಬಾಯಲ್ಲಿದೆ, ಅಳತೆ ಕೈಗೆ ಸಿಕ್ಕಿಲ್ಲ. ಕೈಗೆ ಸಿಗುವಂತೆ ಮಾಡಬಹುದು. ಒಂದು ರೀಮು ಕಾಗದ, ಒಂದು ಕೂದಲು, ಕೆಂಪು ಲೇಸರ್ ಟಾರ್ಚು, ಅಡುಗೆಮನೆಯ ಪರಾತ ಮತ್ತು ತೊಟ್ಟು ಶೇಂಗಾ ಎಣ್ಣೆ ಇದ್ದರೆ ಮಿಲಿಮೀಟರಿನಿಂದ ನ್ಯಾನೊಮೀಟರ್‌ವರೆಗೆ ನೀವೇ ಇಳಿಯಬಹುದು. ಅದಕ್ಕೂ ಕೆಳಗೆ ಮನೆಯ ಸಾಮಾನು ನಡೆಯುವುದಿಲ್ಲ, ಬೇರೆಯವರ ಉಪಕರಣದ ಕಥೆ ಕೇಳಬೇಕಾಗುತ್ತದೆ.

ಇಲ್ಲಿನ ಪ್ರಯೋಗಗಳಿಗೆಲ್ಲ ಇರುವುದು ಒಂದೇ ಯುಕ್ತಿ. ಸಣ್ಣದನ್ನು ನೇರವಾಗಿ ಅಳೆಯಲು ಹೋಗಬಾರದು. ಅದನ್ನು ಪೇರಿಸಿಯೋ, ಸುತ್ತಿಯೋ, ಬೆಳಕಿನಿಂದ ಎಳೆದೋ, ನೀರಿನ ಮೇಲೆ ಹರಡಿಯೋ ಮೊದಲು ದೊಡ್ಡದು ಮಾಡಬೇಕು. ದೊಡ್ಡದನ್ನು ಶಾಲೆಯ ಸ್ಕೇಲಿನಿಂದ ಅಳೆದು, ಆಮೇಲೆ ಭಾಗಿಸಬೇಕು.

ಏಣಿಯ ಮೆಟ್ಟಿಲುಗಳು

ಮೀಟರನ್ನು ಸಾವಿರ ಪಾಲು ಮಾಡಿದರೆ ಮಿಲಿಮೀಟರ್. ಅದನ್ನು ಮತ್ತೆ ಸಾವಿರ ಮಾಡಿದರೆ ಮೈಕ್ರೊಮೀಟರ್, ಅದನ್ನೂ ಸಾವಿರ ಮಾಡಿದರೆ ನ್ಯಾನೊಮೀಟರ್. ಹೀಗೇ ಪಿಕೊ, ಫೆಮ್ಟೊ, ಆಟೊ. ಪ್ರತಿ ಮೆಟ್ಟಿಲಿಗೂ ಸಾವಿರ ಅಂತ ನೆನಪಿಟ್ಟರೆ ಸಾಕು, ಸೊನ್ನೆ ಎಣಿಸುವ ಕಷ್ಟ ಇಲ್ಲ. ಈ ಸಾಲಿಗೆ ಸೇರದ ಇಬ್ಬರು ನೆಂಟರಿದ್ದಾರೆ. ಒಬ್ಬರು ಸೆಂಟಿಮೀಟರ್, ಇನ್ನೊಬ್ಬರು ಆಂಗ್‌ಸ್ಟ್ರಮ್. ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಇವರಿಬ್ಬರ ದೆಸೆಯಿಂದಲೇ.

ಮೈಕ್ರಾನ್ ಎಂದರೆ ಮೈಕ್ರೊಮೀಟರೇ. 1879ರಲ್ಲಿ ಅಧಿಕೃತವಾದ ಹಳೆಯ ಹೆಸರು ಅದು, 1967ರಲ್ಲಿ ಅಂತರರಾಷ್ಟ್ರೀಯ ತೂಕ-ಅಳತೆ ಸಮ್ಮೇಳನ ಅದನ್ನು ಪಟ್ಟಿಯಿಂದ ತೆಗೆದುಹಾಕಿತು. ಅಂಗಡಿಯವರು ತೆಗೆಯಲಿಲ್ಲ. ನಾನೂ ಇಲ್ಲಿ ಮೈಕ್ರಾನ್ ಎಂದೇ ಬರೆಯುತ್ತೇನೆ, ಓದುವವರಿಗೆ ಅದೇ ಸಲೀಸು.

ನ್ಯಾನೊ ಎಂದರೆ ಗ್ರೀಕಿನಲ್ಲಿ ಕುಳ್ಳ. ಎಷ್ಟು ಕುಳ್ಳ? ದಾವಣಗೆರೆಯಿಂದ ಬೆಂಗಳೂರಿಗೆ ಎರಡು ಸಲ ಹೋಗಿಬಂದರೆ ಹೆಚ್ಚುಕಡಿಮೆ 1000 ಕಿಲೋಮೀಟರ್. ಆ ಇಡೀ ದಾರಿಗೆ ಒಂದು ಮಿಲಿಮೀಟರ್ ಹೇಗೋ, ಒಂದು ಮೀಟರಿಗೆ ಒಂದು ನ್ಯಾನೊಮೀಟರ್ ಹಾಗೆ.

ಮೊದಲ ಹೆಜ್ಜೆ: ಪೇರಿಸುವುದು

ಒಡೆಯದ ಒಂದು ರೀಮು ಕಾಗದ ತನ್ನಿ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ 500 ಹಾಳೆಯದು. ಮೇಲೊಂದು ಗಟ್ಟಿ ಪುಸ್ತಕ ಇಟ್ಟು ಅದುಮಿ, ಹಾಳೆಗಳ ಎತ್ತರವನ್ನಷ್ಟೇ ಅಳೆಯಿರಿ. 52 ಮಿಲಿಮೀಟರ್ ಬಂತೆನ್ನಿ. 52ನ್ನು 500ರಿಂದ ಭಾಗಿಸಿದರೆ 0.104 ಮಿಲಿಮೀಟರ್, ಅಂದರೆ 104 ಮೈಕ್ರಾನ್. ಹತ್ತು ರೂಪಾಯಿಯ ಸ್ಕೇಲು ಮೈಕ್ರಾನ್ ಲೆಕ್ಕ ಹೇಳಿತು. ಸ್ಕೇಲು ಓದುವಾಗ ಅರ್ಧ ಮಿಲಿಮೀಟರ್ ತಪ್ಪಿದರೂ ಆ ತಪ್ಪು 500 ಹಾಳೆಗೆ ಹಂಚಿಹೋಗುತ್ತದೆ, ಒಂದು ಹಾಳೆಯ ಪಾಲಿಗೆ ಬರುವುದು ಒಂದೇ ಮೈಕ್ರಾನ್.

ಇದೇ ಉಪಾಯದಿಂದ ಪ್ಲಾಸ್ಟಿಕ್ ಕವರನ್ನೂ ಪರೀಕ್ಷಿಸಬಹುದು. ಕವರನ್ನು ಕತ್ತರಿಸಿ ಒಂದೇ ಪದರ ಮಾಡಿಕೊಂಡು, ಸರಿಯಾಗಿ ಐದು ಸಲ ಮಡಚಿ. 32 ಪದರ ಆಗುತ್ತದೆ. 120 ಮೈಕ್ರಾನಿನ ಹಾಳೆಯಾದರೆ ಗಟ್ಟಿಯಾಗಿ ಒತ್ತಿದಾಗ 3.8 ಮಿಲಿಮೀಟರಿನ ಆಸುಪಾಸು ಬರಬೇಕು. 2022ರ ಡಿಸೆಂಬರ್ 31ರಿಂದ ಕೇಂದ್ರದ ನಿಯಮ ಕ್ಯಾರಿ ಬ್ಯಾಗಿಗೆ ಕೇಳುವ ಕನಿಷ್ಠ ದಪ್ಪ ಅದು. ನಮ್ಮ ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಕ್ಯಾರಿ ಬ್ಯಾಗೇ ನಿಷೇಧ, ಹಾಗಾಗಿ ಅಳೆಯಲು ಕವರು ಎಲ್ಲಿ ಸಿಗುತ್ತದೆಂದು ನನ್ನನ್ನು ಕೇಳಬೇಡಿ.

ಎರಡನೇ ಹೆಜ್ಜೆ: ಸುತ್ತುವುದು

ಪೆನ್ಸಿಲ್ ಮೇಲೆ ಹೊಲಿಗೆ ದಾರವನ್ನು ಒತ್ತೊತ್ತಾಗಿ, ಒಂದರ ಮೇಲೊಂದು ಹತ್ತದಂತೆ 40 ಸುತ್ತು ಸುತ್ತಿ. ಸುತ್ತಿನ ಅಗಲ ಅಳೆದು 40ರಿಂದ ಭಾಗಿಸಿ. ದಾರ ಸಿಕ್ಕಿತು. ಆದರೆ ದಾರದೊಳಗಿನ ಹತ್ತಿಯ ಎಳೆ? ಅದು 10ರಿಂದ 20 ಮೈಕ್ರಾನ್ ಅಗಲದ್ದು, ಪೆನ್ಸಿಲ್ಲಿಗೆ ಸುತ್ತಲು ಆಗದು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವೊಂದಿತ್ತು. ಹತ್ತಿಯ ವ್ಯವಹಾರ ಮಾಡುವವರ ಬಾಯಲ್ಲಿ ಇವತ್ತಿಗೂ 'ಮೈಕ್ರೊನೇರ್' ಎಂಬ ಪದ ಓಡಾಡುತ್ತದೆ. ಹೆಸರು ಕೇಳಿ ಅದನ್ನು ಮೈಕ್ರಾನಿನ ತಮ್ಮ ಎಂದುಕೊಳ್ಳಬೇಡಿ. ಹತ್ತಿಯ ಉಂಡೆಯ ಮೂಲಕ ಗಾಳಿ ಎಷ್ಟು ಸರಾಗ ಹಾಯುತ್ತದೆ ಎಂದು ನೋಡಿ, ಒಂದು ಇಂಚು ಎಳೆ ಎಷ್ಟು ಮೈಕ್ರೊಗ್ರಾಂ ತೂಗುತ್ತದೆಂದು ಹೇಳುವ ಅಂಕೆ ಅದು. ಉದ್ದದ ಮಾನವೇ ಅಲ್ಲ.

ಉಣ್ಣೆಯವರು ಮಾತ್ರ ನೇರವಾಗಿ ಮೈಕ್ರಾನಿನಲ್ಲೇ ಮಾತಾಡುತ್ತಾರೆ. ಮೆರಿನೊ ಉಣ್ಣೆಯ ಎಳೆ 24 ಮೈಕ್ರಾನಿಗಿಂತ ತೆಳು. ಸುಮಾರು 30 ಮೈಕ್ರಾನ್ ದಾಟಿದ ಎಳೆ ಚರ್ಮಕ್ಕೆ ತಾಗಿದಾಗ ಬಾಗುವ ಬದಲು ಚುಚ್ಚುತ್ತದೆ. ಚಳ್ಳಕೆರೆ ಕಡೆಯ ಕಂಬಳಿ ಹೊದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ದಖನಿ ಕುರಿಯ ಉಣ್ಣೆ ಒರಟು, ಅದಕ್ಕೇ ಆ ಕಂಬಳಿ ಮಳೆಗೂ ಬಗ್ಗುವುದಿಲ್ಲ, ಮೈಗೂ ಬಗ್ಗುವುದಿಲ್ಲ. ಅದೇ ಜಿಲ್ಲೆಯ ಮೊಳಕಾಲ್ಮೂರಿನ ರೇಷ್ಮೆಯ ಒಂಟಿ ಎಳೆ 10–15 ಮೈಕ್ರಾನ್. ಕಂಬಳಿಗೂ ಸೀರೆಗೂ ಇರುವ ಅಂತರ ಮೈಕ್ರಾನಿನಲ್ಲಿ ಹೇಳುವುದಾದರೆ ಇಷ್ಟೇ.

ಕಾಲೇಜಿನಲ್ಲಿ ಸ್ಕ್ರೂಗೇಜ್, ಅಂದರೆ ತಿರುಪು ತಿರುಗಿಸಿ ದಪ್ಪ ಅಳೆಯುವ ಉಪಕರಣ, ಇದ್ದರೆ ಅದನ್ನೂ ಬಳಸಿ. ಅದರ ತಿರುಪು ಒಂದು ಸುತ್ತಿಗೆ ಒಂದು ಮಿಲಿಮೀಟರ್ ಸರಿದರೆ, ಸುತ್ತಿನಲ್ಲಿ 100 ಗೆರೆ ಇದ್ದರೆ, ಒಂದು ಗೆರೆ 10 ಮೈಕ್ರಾನ್. ಎರಡು ಎಚ್ಚರ: ಖಾಲಿ ಮುಚ್ಚಿದಾಗ ಸೊನ್ನೆ ತೋರಿಸುತ್ತದೆಯೇ ನೋಡಿ, ಮತ್ತು ತಿರುಪನ್ನು ಒಂದೇ ದಿಕ್ಕಿನಲ್ಲಿ ತಿರುಗಿಸುತ್ತ ಬನ್ನಿ. ಹಿಂದೆ ಮುಂದೆ ಮಾಡಿದರೆ ತಿರುಪಿನ ಮರೆಯ ಸಡಿಲು ಲೆಕ್ಕಕ್ಕೆ ಸೇರಿಬಿಡುತ್ತದೆ. ಲೇತ್ ಕೆಲಸದವರ 'ಥೌ' ಇಂಚಿನ ಸಾವಿರದಲ್ಲೊಂದು ಪಾಲು, 25.4 ಮೈಕ್ರಾನ್.

ಮೂರನೇ ಹೆಜ್ಜೆ: ಬೆಳಕಿನಿಂದ ಕೂದಲು ಸೀಳುವುದು

ಕೂದಲೆಳೆಯ ಅಂತರ ಅನ್ನುತ್ತೇವಲ್ಲ, ಅದು ಎಷ್ಟು ಅಂತ ನೋಡಿಬಿಡೋಣ.

ಜಾತ್ರೆಯಲ್ಲಿ ಮಾರುವ ಕೆಂಪು ಲೇಸರ್ ಟಾರ್ಚು ಬೇಕು. ಅದರ ಚೀಟಿಯ ಮೇಲೆ ತರಂಗದ ಉದ್ದ ಬರೆದಿರುತ್ತದೆ, ಸಾಮಾನ್ಯವಾಗಿ 650 ನ್ಯಾನೊಮೀಟರ್. ಶಕ್ತಿ 5 ಮಿಲಿವಾಟ್ ಮೀರದಿರಲಿ. ಯಾರ ಕಣ್ಣಿಗೂ ಬಿಡಬಾರದು, ಎದುರಿಗೆ ಕನ್ನಡಿ ಅಥವಾ ಸ್ಟೀಲ್ ಪಾತ್ರೆ ಇರಬಾರದು. ಮಕ್ಕಳು ಮಾಡುವುದಾದರೆ ದೊಡ್ಡವರೊಬ್ಬರು ಪಕ್ಕದಲ್ಲಿರಲೇಬೇಕು.

ತಲೆಯಿಂದ ಒಂದು ಕೂದಲು ಕಿತ್ತು, ಟಾರ್ಚಿನ ಬಾಯಿಗೆ ಅಡ್ಡಲಾಗಿ ಸೆಲ್ಲೊಟೇಪಿನಿಂದ ಅಂಟಿಸಿ. ಕೂದಲು ಬೆಳಕಿನ ನಡುಮಧ್ಯೆ ಬರಬೇಕು. ಟಾರ್ಚನ್ನು ಪುಸ್ತಕಗಳ ಮೇಲಿಟ್ಟು, ಗುಂಡಿಯನ್ನು ಬಟ್ಟೆ ಕ್ಲಿಪ್ಪಿನಿಂದ ಒತ್ತಿಹಿಡಿಸಿ. ಬಿಳಿ ಗೋಡೆ ಸರಿಯಾಗಿ 3 ಮೀಟರ್ ದೂರ ಇರಲಿ. ದೀಪ ಆರಿಸಿ.

ಗೋಡೆಯ ಮೇಲೆ ಒಂದು ಚುಕ್ಕೆ ಬೀಳುತ್ತದೆಂದು ನೀವು ಕಾಯುತ್ತಿದ್ದರೆ, ಬೀಳುವುದು ಒಂದು ಸಾಲು: ನಡುವೆ ಉದ್ದನೆಯ ಹೊಳಪು, ಅದರ ಎರಡೂ ಕಡೆ ಕಪ್ಪು-ಕೆಂಪು-ಕಪ್ಪು-ಕೆಂಪು. ಕೂದಲು ನೆಟ್ಟಗೆ ನಿಂತಿದ್ದರೆ ಸಾಲು ಅಡ್ಡ. ಬೆಳಕು ಅಲೆಯಾಗಿರುವುದರಿಂದ ಕೂದಲಿನ ಎರಡು ಅಂಚಿನಲ್ಲಿ ಬಾಗಿ, ಒಂದರೊಡನೊಂದು ಕೂಡಿ ಕಳೆದು ಮಾಡುವ ಆಟ ಇದು. ಗೋಡೆಗೆ ಕಾಗದ ಅಂಟಿಸಿ, ಪ್ರತಿ ಕಪ್ಪು ಪಟ್ಟಿಯ ನಡುವಿಗೆ ಪೆನ್ಸಿಲ್ ಗುರುತು ಹಾಕಿ. ಒಂದೇ ಬದಿಯ ಮೊದಲನೇ ಕಪ್ಪಿನಿಂದ ನಾಲ್ಕನೇ ಕಪ್ಪಿಗೆ ಅಳೆದು ಮೂರರಿಂದ ಭಾಗಿಸಿ. ನಡುವಿನ ಹೊಳಪನ್ನು ಸೇರಿಸಬೇಡಿ, ಅದರ ಅಗಲ ಇಮ್ಮಡಿ ಇರುತ್ತದೆ. ಹುಡುಗರು ಎಡವುವ ಜಾಗ ಇದು.

ಲೆಕ್ಕ ಹೀಗೆ: ತರಂಗದ ಉದ್ದವನ್ನು ಗೋಡೆಯ ದೂರದಿಂದ ಗುಣಿಸಿ, ಪಟ್ಟಿಗಳ ಅಂತರದಿಂದ ಭಾಗಿಸಬೇಕು. ಮೂರು ಅಂತರ ಸೇರಿ 8.4 ಸೆಂಟಿಮೀಟರ್ ಬಂದರೆ ಒಂದಕ್ಕೆ 2.8. ಮೀಟರಿನಲ್ಲಿ 0.028. 650ನ್ನು 3ರಿಂದ ಗುಣಿಸಿ 0.028ರಿಂದ ಭಾಗಿಸಿದರೆ 69,600 ನ್ಯಾನೊಮೀಟರ್ ಚಿಲ್ಲರೆ, ಅಂದರೆ 70 ಮೈಕ್ರಾನ್. ಮನುಷ್ಯರ ಕೂದಲು ಸಾಮಾನ್ಯವಾಗಿ 50ರಿಂದ 100ರ ನಡುವೆ ಇರುತ್ತದೆ. ಮನೆಮಂದಿಯದ್ದೆಲ್ಲ ಅಳೆದು ಹೋಲಿಸಿ, ಮಜಾ ಇರುತ್ತದೆ.

ಈಗ ಕೂದಲು ತೆಗೆದು ಕಂಬಳಿಯ ಎಳೆ ಅಂಟಿಸಿ. ಆಮೇಲೆ ರೇಷ್ಮೆಯದ್ದು. ಎಳೆ ಸಣ್ಣದಾದಷ್ಟೂ ಗೋಡೆಯ ಮೇಲಿನ ಪಟ್ಟಿಗಳು ದೂರ ದೂರ ಹೋಗುತ್ತವೆ. 12 ಮೈಕ್ರಾನಿನ ರೇಷ್ಮೆಯಲ್ಲಿ ಅಂತರ 16 ಸೆಂಟಿಮೀಟರ್! ಸಣ್ಣದ್ದಕ್ಕೆ ದೊಡ್ಡ ಗುರುತು. ನನಗೆ ಈ ಪ್ರಯೋಗ ಇಷ್ಟವಾಗುವುದೇ ಈ ತಿರುವುಮುರುವಿಗೆ.

ಪದವಿ ಕಾಲೇಜಿನ ಲ್ಯಾಬಿನಲ್ಲಿ ಇದನ್ನೇ ಏರ್ ವೆಡ್ಜ್ ಎಂಬ ಹೆಸರಿನಲ್ಲಿ, ಎರಡು ಗಾಜಿನ ಪಟ್ಟಿಗಳ ನಡುವೆ ಕೂದಲಿಟ್ಟು, ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ ಮಾಡಿಸುತ್ತಾರೆ. ಎರಡೂ ಮಾಡಿ ತಾಳೆ ನೋಡಿದವರು ಕಡಿಮೆ.

ಪಕ್ಕದ ಹೆಜ್ಜೆ: ತೋಟದ ಸಿ.ಡಿ.

ಹಕ್ಕಿ ಓಡಿಸಲೆಂದು ಹೊಲದಲ್ಲಿ ನೇತುಹಾಕಿದ ಹಳೇ ಸಿ.ಡಿ. ಒಂದನ್ನು ಬಿಚ್ಚಿ ತನ್ನಿ. ಅದರ ಸುರುಳಿ ಗೆರೆಗಳ ನಡುವಿನ ಅಂತರ 1.6 ಮೈಕ್ರಾನ್, ಡಿ.ವಿ.ಡಿ.ಯದು 0.74. ಗೋಡೆಗೆ ಸಮಾಂತರವಾಗಿ 50 ಸೆಂಟಿಮೀಟರ್ ದೂರದಲ್ಲಿ ಸಿ.ಡಿ. ನಿಲ್ಲಿಸಿ, ಗೋಡೆಯ ಕಡೆಯಿಂದ ಲೇಸರನ್ನು ಅದರ ಮೇಲೆ ನೆಟ್ಟಗೆ ಬಿಡಿ. ಇಲ್ಲಿ ಬೆಳಕು ತಿರುಗಿ ಬರುತ್ತದೆ, ಹಾಗಾಗಿ ಕಣ್ಣಿನ ಎಚ್ಚರ ಇಮ್ಮಡಿ. ನಡುವಿನ ಚುಕ್ಕೆಯಿಂದ ಸುಮಾರು 22 ಸೆಂಟಿಮೀಟರ್ ಆಚೆ ಇನ್ನೊಂದು ಚುಕ್ಕೆ ಬೀಳಬೇಕು. ಡಿ.ವಿ.ಡಿ. ಇಟ್ಟರೆ ಅದೇ ಚುಕ್ಕೆ 92 ಸೆಂಟಿಮೀಟರಿಗೆ ಓಡುತ್ತದೆ. ಬರದಿದ್ದರೆ ಅನುಮಾನ ಪಡಬೇಕಾದ್ದು ಟಾರ್ಚಿನ ಚೀಟಿಯ ಮೇಲೆ.

ನಾಲ್ಕನೇ ಹೆಜ್ಜೆ: ಎಣ್ಣೆ ಹರಡುವುದು

ಇಷ್ಟು ಹೊತ್ತೂ ಮೈಕ್ರಾನಿನಲ್ಲೇ ಇದ್ದೆವು. ನ್ಯಾನೊಮೀಟರಿಗೆ ಇಳಿಯಲು ಎಣ್ಣೆ ಬೇಕು. ಎಣ್ಣೆ ಮಿಲ್ಲುಗಳ ಊರು ಚಳ್ಳಕೆರೆ ಪಕ್ಕದಲ್ಲೇ ಇರುವಾಗ ಶೇಂಗಾ ಎಣ್ಣೆಗೆ ಬರವೇನು!

ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಂ ಕೆರೆಯ ಮೇಲೆ ಒಂದು ಚಮಚ ಎಣ್ಣೆ ಸುರಿದ. ಗಾಳಿಗೆ ಅಲೆಯುತ್ತಿದ್ದ ನೀರು ಅರ್ಧ ಎಕರೆಯಷ್ಟು ಕನ್ನಡಿಯಂತೆ ನಿಂತಿತು. 1774ರಲ್ಲಿ ಅದು ಅಚ್ಚಾಯಿತು. ನಮ್ಮ ಲೆಕ್ಕದಲ್ಲಿ 20 ಗುಂಟೆ. ಚಮಚಕ್ಕೆ 5 ಮಿಲಿಲೀಟರ್ ಹಿಡಿದರೆ ಪದರದ ದಪ್ಪ ಎರಡೂವರೆ ನ್ಯಾನೊಮೀಟರಿನ ಆಸುಪಾಸು. ಫ್ರಾಂಕ್ಲಿನ್ ಈ ಭಾಗಾಕಾರ ಮಾಡಲಿಲ್ಲ. ಮಾಡಿದ್ದರೆ ಅಣುವಿನ ಅಳತೆ ಅಂದೇ ಕೈಗೆ ಸಿಗುತ್ತಿತ್ತು. ನಾವು 20 ಗುಂಟೆಯನ್ನು ಪರಾತಕ್ಕೆ ಇಳಿಸೋಣ.

ಬೇಕಾದ್ದು: ಕನಿಷ್ಠ 45 ಸೆಂಟಿಮೀಟರ್ ಅಗಲದ ಪರಾತ, ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್, ಕರೆಂಟಿನ ವೈರಿನೊಳಗಿನ ಒಂದು ಸಣ್ಣ ತಾಮ್ರದ ಎಳೆ, ಸ್ಕೇಲು, ಭೂತಗನ್ನಡಿ ಅಥವಾ ಹತ್ತಿರದ ಫೋಟೊ ಚೆನ್ನಾಗಿ ತೆಗೆಯುವ ಮೊಬೈಲು, ಚೂರು ಕರ್ಪೂರ.

ಪರಾತ ತೊಳೆಯುವುದೇ ಅರ್ಧ ಪ್ರಯೋಗ. ಸೋಪಿನಿಂದ ಉಜ್ಜಿ, ಆಮೇಲೆ ಸೋಪಿನ ಅಂಶ ಒಂದಿಷ್ಟೂ ಉಳಿಯದಂತೆ ಏಳೆಂಟು ಸಲ ನೀರು ಹಾಕಿ, ಕೊನೆಗೊಮ್ಮೆ ಬಿಸಿನೀರು ಸುರಿದು ತೊಳೆಯಿರಿ. ಒಳಗೆ ಬೆರಳು ಇಡಬೇಡಿ, ಚರ್ಮದ ಜಿಡ್ಡೇ ಸಾಕು ಕೆಡಿಸಲು. ನಾನು ಮೊದಲ ಸಲ ಎರಡೇ ನೀರಿನಲ್ಲಿ ತೊಳೆದು ಕೂತಿದ್ದೆ. ಎಣ್ಣೆ ಬಿಟ್ಟರೆ ಮಿರ್ಚಿ ಬಾಣಲೆಯಲ್ಲಿ ಬಿಟ್ಟ ಹಾಗೆ ದುಂಡಗೆ ಕೂತಿತು, ಹರಡಲೇ ಇಲ್ಲ. ಮುಂದೆ ಕೂತ ಮೂವತ್ತು ಮಕ್ಕಳು ನನ್ನ ಮುಖ ನೋಡುತ್ತಿದ್ದರು.

ನೀರು ಚೊಕ್ಕವೋ ಇಲ್ಲವೋ ಎಂದು ಹೇಳುವುದು ಕರ್ಪೂರ. ನೀರು ತುಂಬಿ, ಕರ್ಪೂರದ ಹೊಟ್ಟಿನಷ್ಟು ಸಣ್ಣ ಚೂರು ಹಾಕಿ. ಚೂರು ತನ್ನಷ್ಟಕ್ಕೆ ಗಿರಗಿರನೆ ತಿರುಗುತ್ತ ಓಡಾಡಿದರೆ ನೀರಿನ ಮೈ ಚೊಕ್ಕ. ಸುಮ್ಮನೆ ಕೂತರೆ ಜಿಡ್ಡಿದೆ, ಮತ್ತೆ ತೊಳೆಯಿರಿ. ಇದು ಮನೆಮದ್ದಲ್ಲ. ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ 1890ರಲ್ಲಿ ಕರ್ಪೂರದ ಕುಣಿತ ನಿಲ್ಲಿಸಲು ಎಷ್ಟು ಆಲಿವ್ ಎಣ್ಣೆ ಸಾಕು ಎಂದು ತೂಗಿ, ಪದರದ ದಪ್ಪ ಸುಮಾರು 1.6 ನ್ಯಾನೊಮೀಟರ್ ಎಂದು ಲೆಕ್ಕ ಹಾಕಿದ. ಮರುವರ್ಷವೇ ಜರ್ಮನಿಯ ಬ್ರೌನ್‌ಷ್ವೈಗ್‌ನಿಂದ ಆಗ್ನೆಸ್ ಪೊಕೆಲ್ಸ್ ಎಂಬಾಕೆ ಅವನಿಗೊಂದು ಪತ್ರ ಬರೆದಳು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಆಕೆ ಅಡುಗೆಮನೆಯಲ್ಲೇ ತಗಡಿನ ತೊಟ್ಟಿ ಇಟ್ಟುಕೊಂಡು ನೀರಿನ ಮೇಲ್ಮೈಯನ್ನು ವರ್ಷಗಟ್ಟಲೆ ಅಳೆದಿದ್ದಳು. ರ‍್ಯಾಲೆ ಆ ಪತ್ರವನ್ನು ನೇಚರ್ ಪತ್ರಿಕೆಗೆ ಕಳಿಸಿ ಅಚ್ಚು ಹಾಕಿಸಿದ. ಪರಾತ ಹಿಡಿದು ವಿಜ್ಞಾನ ಮಾಡುವುದಕ್ಕೆ ನಾಚಿಕೆ ಪಡುವವರಿಗೆ ಆಕೆಯ ಹೆಸರು ಹೇಳುತ್ತೇನೆ.

ಕರ್ಪೂರದ ಪರೀಕ್ಷೆಯಾದ ಮೇಲೆ ಆ ನೀರು ಚೆಲ್ಲಿ ಹೊಸ ನೀರು ತುಂಬಿ, ಅಲುಗಾಡದಂತೆ ಬಿಡಿ. ಫ್ಯಾನ್ ಆರಿಸಿ. ತೆಳು ಬಟ್ಟೆಯಲ್ಲಿ ಪೌಡರ್ ಕಟ್ಟಿ, ಮೇಲಿನಿಂದ ಮೆಲ್ಲಗೆ ತಟ್ಟಿ. ನೀರಿನ ಮೇಲೆ ಮಂಜು ಬಿದ್ದ ಹಾಗೆ ಇರಬೇಕು, ಕೆನೆ ಕಟ್ಟಿದ ಹಾಗಲ್ಲ.

ತಾಮ್ರದ ಎಳೆಯನ್ನು ನಡುವೆ ಮಡಚಿ ಎಣ್ಣೆಗೆ ಅದ್ದಿ ಕೊಡವಿ. ಮಡಿಕೆಯ ತುದಿಯಲ್ಲಿ ಒಂದು ಕಿರುಹನಿ ಉಳಿಯುತ್ತದೆ. ಅದು ಅರ್ಧ ಮಿಲಿಮೀಟರ್ ಇರಬೇಕು. ಸ್ಕೇಲಿನ ಪಕ್ಕ ಹಿಡಿದು ಫೋಟೊ ತೆಗೆದು ಹಿಗ್ಗಿಸಿ ನೋಡಿ. ದೊಡ್ಡದಾಗಿದ್ದರೆ ಇನ್ನೊಂದು ಎಳೆಗೆ ತಾಗಿಸಿ ಕಡಿಮೆ ಮಾಡಿ. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ವ್ಯರ್ಥ. ಹನಿಯ ಅಡ್ಡಳತೆ ಲೆಕ್ಕದಲ್ಲಿ ಮೂರು ಸಲ ಗುಣಿಸಿಕೊಳ್ಳುತ್ತದೆ. 0.6 ಇರುವುದನ್ನು 0.5 ಎಂದುಕೊಂಡರೆ ಎಣ್ಣೆ ಒಂದೂಮುಕ್ಕಾಲು ಪಟ್ಟು ಆಗಿಹೋಗಿರುತ್ತದೆ.

ಇನ್ನು ಹನಿಯನ್ನು ನೀರಿನ ನಡುವಿಗೆ ಮುಟ್ಟಿಸಿ. ಪೌಡರು ಸರ್ರನೆ ಹಿಂದಕ್ಕೆ ಸರಿದು ದುಂಡನೆಯ ಬಯಲು ತೆರೆದುಕೊಳ್ಳುತ್ತದೆ. ಕಣ್ಣಿಗೆ ಕಾಣುವಷ್ಟೂ ಇಲ್ಲದ ಎಣ್ಣೆ ಒಂದು ದೋಸೆಯಗಲ ಜಾಗ ಹಿಡಿದಿದ್ದನ್ನು ಮೊದಲ ಸಲ ನೋಡಿದವರು ಮತ್ತೊಮ್ಮೆ ಮಾಡಿ ಎನ್ನದೆ ಬಿಡುವುದಿಲ್ಲ. ನಮ್ಮೂರ ಬೆಣ್ಣೆ ದೋಸೆ ಹೊಯ್ಯುವವರ ಕೈಗೂ ಇಷ್ಟು ತೆಳ್ಳಗೆ ಎಳೆಯಲು ಬಾರದು. ಬಯಲಿನ ಅಗಲವನ್ನು ಎರಡು ಮೂರು ದಿಕ್ಕಿನಲ್ಲಿ ಸ್ಕೇಲು ಮೇಲೆ ಹಿಡಿದು ಅಳೆಯಿರಿ, ನೀರಿಗೆ ತಾಗಿಸಬೇಡಿ.

ಗೋಳದ ಘನಗಾತ್ರವನ್ನು ವೃತ್ತದ ವಿಸ್ತೀರ್ಣದಿಂದ ಭಾಗಿಸಿದರೆ ಪೈ ಹೊಡೆದುಹೋಗಿ ಸುಲಭ ಸೂತ್ರ ಉಳಿಯುತ್ತದೆ: ಹನಿಯ ಅಡ್ಡಳತೆಯ ಘನವನ್ನು ಬಯಲಿನ ಅಡ್ಡಳತೆಯ ವರ್ಗದಿಂದ ಭಾಗಿಸಿ, ಮೂರನೇ ಎರಡು ಪಾಲು ತೆಗೆದುಕೊಳ್ಳಿ. ಹನಿ 0.5 ಮಿಲಿಮೀಟರ್, ಬಯಲು 200 ಮಿಲಿಮೀಟರ್ ಎಂದಾದರೆ 0.125ನ್ನು 40,000ದಿಂದ ಭಾಗಿಸಿ, ಮೂರನೇ ಎರಡು ಪಾಲು. ಬರುವುದು 0.00000208 ಮಿಲಿಮೀಟರ್. ಎರಡು ಮೆಟ್ಟಿಲು ಇಳಿದರೆ 2.08 ನ್ಯಾನೊಮೀಟರ್.

ರೆಕಾರ್ಡ್ ಪುಸ್ತಕದಲ್ಲಿ ದಯವಿಟ್ಟು 2.08 ಎಂದು ಬರೆಯಬೇಡಿ. ಕ್ಯಾಲ್ಕ್ಯುಲೇಟರ್ ಕೊಟ್ಟಿದೆಯೆಂದು ಎಲ್ಲ ಅಂಕೆಗಳೂ ನಿಮ್ಮವಲ್ಲ. ಹನಿಯನ್ನು ಅಳೆದ ಒರಟುತನಕ್ಕೆ 'ಸುಮಾರು 2' ಎಂಬುದೇ ಪ್ರಾಮಾಣಿಕ ಉತ್ತರ. 1ರಿಂದ 3ರೊಳಗೆ ಏನು ಬಂದರೂ ಪ್ರಯೋಗ ಗೆದ್ದಿದೆ. ಎಣ್ಣೆ ಅದಕ್ಕಿಂತ ತೆಳ್ಳಗಾಗದಿರಲು ಕಾರಣ, ಅದು ಒಂದೇ ಅಣುವಿನ ದಪ್ಪಕ್ಕೆ ಬಂದು ನಿಂತಿದೆ. ನೀರನ್ನು ಇಷ್ಟಪಡುವ ತಲೆ ಕೆಳಗೆ, ನೀರು ಬೇಡವೆನ್ನುವ ಬಾಲ ಮೇಲೆ. ಒಂದು ಅಣುವನ್ನು ನೀವು ಈಗ ಸ್ಕೇಲಿನಿಂದ ಅಳೆದಿರಿ.

ನ್ಯಾನೊ ಎಂಬ ಮಾತನ್ನು 1ರಿಂದ 100 ನ್ಯಾನೊಮೀಟರಿನ ವಸ್ತುಗಳಿಗೆ ಬಳಸುವುದು ವಾಡಿಕೆ. ನ್ಯಾನೊ ಯೂರಿಯಾದ ಕಣಗಳು 20–50 ನ್ಯಾನೊಮೀಟರ್ ಎಂದು ತಯಾರಕರು ಹೇಳುತ್ತಾರೆ, ಅಂದರೆ ನಿಮ್ಮ ಎಣ್ಣೆ ಪದರದ ಹತ್ತಿಪ್ಪತ್ತು ಪಟ್ಟು. ಅದರಿಂದ ಇಳುವರಿ ಹೆಚ್ಚುತ್ತದೆಯೋ ಇಲ್ಲವೋ ಎಂಬ ಜಗಳ ಬೇರೆ. ಮೊಬೈಲಿನ '3 ನ್ಯಾನೊಮೀಟರ್' ಮಾತ್ರ ಬರೀ ಹೆಸರು. ಆ ಚಿಪ್ಪಿನೊಳಗೆ ಸಾಲುಗೊಂಡ ಟ್ರಾನ್ಸಿಸ್ಟರುಗಳ ನಡುವಿನ ಅಂತರ ಹತ್ತಾರು ನ್ಯಾನೊಮೀಟರ್ ಇರುತ್ತದೆ. ಅಂಗಡಿಯವನ ಜೊತೆ ವಾದ ಮಾಡಿ ಪ್ರಯೋಜನವಿಲ್ಲ.

ಆಂಗ್‌ಸ್ಟ್ರಮ್, ಮತ್ತು ಆ ಹುಡುಗಿಯ ಪ್ರಶ್ನೆ

ನ್ಯಾನೊಮೀಟರಿನ ಹತ್ತನೇ ಒಂದು ಪಾಲು ಒಂದು ಆಂಗ್‌ಸ್ಟ್ರಮ್. ಸ್ವೀಡನ್ನಿನ ಉಪ್ಸಾಲಾದ ಆ್ಯಂಡರ್ಸ್ ಆಂಗ್‌ಸ್ಟ್ರಮ್ 1868ರಲ್ಲಿ ಸೂರ್ಯನ ಬೆಳಕಿನ ಕಪ್ಪು ಗೆರೆಗಳ ತರಂಗದ ಉದ್ದವನ್ನು ಈ ಅಳತೆಯಲ್ಲಿ ಪಟ್ಟಿ ಮಾಡಿದ. ಪಾಪ, ಬಹಳ ಜಾಗರೂಕ ಮನುಷ್ಯ. ತನ್ನ ಮೀಟರ್ ಕೋಲು ಸರಿಯಿದೆಯೇ ಎಂದು ಪ್ಯಾರಿಸ್ಸಿಗೆ ಕಳಿಸಿ ಪರೀಕ್ಷೆ ಮಾಡಿಸಿದ. ಅಲ್ಲಿಂದ ಬಂದ ವರದಿಯೇ ತಪ್ಪಾಗಿತ್ತು. ಅದನ್ನು ನಂಬಿ ತಿದ್ದಿದ ಅಂಕೆಗಳು ತಿದ್ದುವ ಮೊದಲಿನವಕ್ಕಿಂತ ಕೆಟ್ಟವು. ಹೆಸರು ಮಾತ್ರ ಉಳಿಯಿತು. ಸೋಡಿಯಂ ದೀಪದ ಹಳದಿ ಗೆರೆಗಳು 5890 ಮತ್ತು 5896 ಎಂದು ಬಿ.ಎಸ್ಸಿ. ಓದಿದವರು ನಿದ್ದೆಯಲ್ಲೂ ಹೇಳುತ್ತಾರೆ, ಅವು ಆಂಗ್‌ಸ್ಟ್ರಮ್‌ಗಳು. ಹೈಡ್ರೋಜನ್ ಪರಮಾಣು ಹೆಚ್ಚುಕಡಿಮೆ ಒಂದು ಆಂಗ್‌ಸ್ಟ್ರಮ್ ಅಗಲ, ವಜ್ರದಲ್ಲಿ ಎರಡು ಇಂಗಾಲಗಳ ನಡುವೆ 1.54. ಅಂತರರಾಷ್ಟ್ರೀಯ ಪಟ್ಟಿಗೆ ಸೇರದಿದ್ದರೂ ಪರಮಾಣುಗಳ ಜೊತೆ ಒಡನಾಡುವವರು ಇದನ್ನು ಬಿಡುವುದಿಲ್ಲ, ಅಂಕೆಗಳು ಅಷ್ಟು ಚಿಕ್ಕದಾಗಿ ಚೊಕ್ಕವಾಗಿ ಬರುತ್ತವೆ.

ಈಗ ಘಟಕದ ಗೋಡೆಗೆ ಬನ್ನಿ. ಒಂದು ಮೈಕ್ರಾನಿಗೆ 10,000 ಆಂಗ್‌ಸ್ಟ್ರಮ್. ಹಾಗಾದರೆ 0.0001 ಮೈಕ್ರಾನ್ ಎಂದರೆ ಒಂದು ಆಂಗ್‌ಸ್ಟ್ರಮ್. ನೀರಿನ ಅಣುವಿನ ಅಗಲವೇ ಸುಮಾರು 2.8 ಆಂಗ್‌ಸ್ಟ್ರಮ್. ಗೋಡೆಯ ಮಾತು ಅಕ್ಷರಶಃ ನಿಜವಾಗಿದ್ದರೆ ಆ ತೂತಿನಲ್ಲಿ ಒಂದು ತೊಟ್ಟು ನೀರೂ ಬರಬಾರದು. ಹುಡುಗಿಯ ಅನುಮಾನ ಸರಿಯಾಗೇ ಇತ್ತು.

ಇಂಥ ಘಟಕದಲ್ಲಿ ನೀರು ಸೋಸುವ ಆರ್.ಒ. (ರಿವರ್ಸ್ ಆಸ್ಮಾಸಿಸ್) ಪೊರೆ ಜರಡಿಯಲ್ಲ. ಅದರಲ್ಲಿ ಕೊರೆದಿಟ್ಟ ತೂತುಗಳಿಲ್ಲ. ಗಿಜಿಗುಟ್ಟುವ ಪ್ಲಾಸ್ಟಿಕ್ ಸರಪಳಿಗಳ ಸಂದಿಯಲ್ಲಿ ನೀರಿನ ಅಣುಗಳು ಕರಗಿದಂತೆ ಒಳಸೇರಿ, ಪಂಪಿನ ಒತ್ತಡಕ್ಕೆ ನುಸುಳಿ ಆಚೆ ಬರುತ್ತವೆ. ಉಪ್ಪು, ಫ್ಲೋರೈಡ್‌ಗಳು ತಮ್ಮ ಸುತ್ತ ನೀರಿನ ಅಣುಗಳನ್ನು ಹೊದ್ದುಕೊಂಡೇ ಇರುವುದರಿಂದ ಬಹುಪಾಲು ಈಚೆಯೇ ಉಳಿಯುತ್ತವೆ. 0.0001 ಎಂಬುದು ಮಾರಾಟದ ಅಂಕೆ.

ಆದರೆ ಇನ್ನೊಂದು ಅಂಕೆಯನ್ನು ಮಾತ್ರ ಖಂಡಿತ ಓದಿ. ಯು.ಎಫ್. (ಅಲ್ಟ್ರಾಫಿಲ್ಟ್ರೇಶನ್) ಎಂದು ಮಾರುವ ಫಿಲ್ಟರುಗಳ ಮೇಲೆ 0.01 ಮೈಕ್ರಾನ್ ಎಂದಿರುತ್ತದೆ, ಅಂದರೆ 100 ಆಂಗ್‌ಸ್ಟ್ರಮ್. ಒಂದೆರಡು ಮೈಕ್ರಾನಿನ ಬ್ಯಾಕ್ಟೀರಿಯಾ ಅದರಲ್ಲಿ ತೂರುವುದಿಲ್ಲ. ಫ್ಲೋರೈಡ್ ಅಯಾನಿನ ತ್ರಿಜ್ಯ 1.33 ಆಂಗ್‌ಸ್ಟ್ರಮ್, ಅದಕ್ಕೆ ಅದು ಹೆಬ್ಬಾಗಿಲು. ಚಿತ್ರದುರ್ಗ ಜಿಲ್ಲೆಯ ಬೋರ್‌ವೆಲ್ ನೀರಿನ ಫ್ಲೋರೈಡ್‌ಗೆ ಹೆದರಿ ಯು.ಎಫ್. ಫಿಲ್ಟರ್ ತಂದಿಟ್ಟರೆ ದುಡ್ಡು ದಂಡ. ಮೊದಲ ಹಂತದ 5 ಮೈಕ್ರಾನ್ ಬಿಳಿ ಕಡ್ಡಿ ಕೆಸರಿಗಷ್ಟೇ.

ಅದಕ್ಕೂ ಕೆಳಗೆ

ಪಿಕೊಮೀಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಆಂಗ್‌ಸ್ಟ್ರಮ್‌ನ ನೂರನೇ ಪಾಲು ಅಷ್ಟೇ. ಎಕ್ಸ್ ಕಿರಣದವರೂ ರಸಾಯನಶಾಸ್ತ್ರದವರೂ ಬಳಸುತ್ತಾರೆ.

ಫೆಮ್ಟೊಮೀಟರಿಗೆ ಇಳಿದರೆ ಪರಮಾಣುವಿನ ಬೀಜದೊಳಗೆ ಕಾಲಿಟ್ಟಂತೆ. ಡೇನಿಶ್ ಭಾಷೆಯ ಹದಿನೈದಕ್ಕೆ 'ಫೆಮ್ಟೆನ್' ಎನ್ನುತ್ತಾರೆ, ಬಿಂದುವಿನಾಚೆ ಹದಿನೈದನೇ ಸ್ಥಾನ ಎಂದು ಆ ಹೆಸರು. 1964ರಲ್ಲಿ ಅದು ಬರುವ ಮೊದಲೇ, 1956ರಲ್ಲಿ, ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಹಾಫ್‌ಸ್ಟ್ಯಾಟರ್ ಇದೇ ಉದ್ದಕ್ಕೆ ಎರಡು ವರ್ಷ ಹಿಂದೆ ತೀರಿಕೊಂಡ ಭೌತವಿಜ್ಞಾನಿ ಎನ್ರಿಕೊ ಫರ್ಮಿಯ ನೆನಪಿಗೆ 'ಫರ್ಮಿ' ಎಂದು ಹೆಸರಿಟ್ಟಿದ್ದ. ಎರಡರ ಸಂಕೇತವೂ fm ಎಂಬ ಒಂದೇ ಎರಡಕ್ಷರ, ಹಾಗಾಗಿ ಹಳೆಯ ಪುಸ್ತಕ ಓದುವಾಗ ಗೊಂದಲವಿಲ್ಲ. ಎಲೆಕ್ಟ್ರಾನುಗಳನ್ನು ಬೀಜಕ್ಕೆ ಹೊಡೆದು ಅವು ಚೆದುರುವ ಬಗೆಯಿಂದ ಬೀಜದ ಗಾತ್ರ ಹೇಳಿದ್ದಕ್ಕೆ ಹಾಫ್‌ಸ್ಟ್ಯಾಟರ್‌ಗೆ 1961ರಲ್ಲಿ ನೊಬೆಲ್ ಬಂತು. ನೀವು ಗೋಡೆಯ ಮೇಲೆ ಕೂದಲನ್ನು ಅಳೆದ ಉಪಾಯದ ದೊಡ್ಡಣ್ಣ ಅದು.

ಪ್ರೋಟಾನಿನ ತ್ರಿಜ್ಯ 0.84 ಫೆಮ್ಟೊಮೀಟರ್. ದಾವಣಗೆರೆಯ ಹೈಸ್ಕೂಲ್ ಮೈದಾನದ ನಡುವೆ ಒಂದು ಸಾಸಿವೆ ಕಾಳು ಇಡಿ, ಅದೇ ಪ್ರೋಟಾನ್. ಹೈಡ್ರೋಜನ್ನಿನ ಎಲೆಕ್ಟ್ರಾನು ಸುಳಿದಾಡುವ ಜಾಗ ಆಗ ಸುತ್ತಲೂ ಅರವತ್ತು ಮೀಟರಿನಷ್ಟು ದೂರ. ನಡುವೆ ಏನೂ ಇಲ್ಲ. 2010ರಲ್ಲಿ ಹೊಸ ವಿಧಾನದಿಂದ ಅಳೆದಾಗ ಆ ಸಾಸಿವೆ ಹಿಂದೆ ನಂಬಿದ್ದ 0.88ಕ್ಕಿಂತ ಸಣ್ಣದಾಗಿ ಕಂಡಿತು. ಎಳ್ಳಿನ ತುದಿಯಷ್ಟು ವ್ಯತ್ಯಾಸ, ವರ್ಷಗಟ್ಟಲೆ ತಕರಾರು.

ಆಟೊಮೀಟರ್ ಇನ್ನೂ ಸಾವಿರ ಪಟ್ಟು ಚಿಕ್ಕದು. 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆ ಅಮೆರಿಕದ ಲೈಗೊ ಉಪಕರಣದ 4 ಕಿಲೋಮೀಟರ್ ತೋಳನ್ನು ಅಲುಗಿಸಿದ್ದು ಇಂಥ ನಾಲ್ಕೈದು ಆಟೊಮೀಟರಿನಷ್ಟು. ಅಂಥದ್ದೇ ಒಂದು ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಕಟ್ಟಲು 2023ರಲ್ಲಿ ಒಪ್ಪಿಗೆ ಸಿಕ್ಕಿದೆ.

ಏಣಿಯ ಕೊನೆಯ ಎರಡು ಮೆಟ್ಟಿಲು ರೊಂಟೊ, ಕ್ವೆಕ್ಟೊ. 2022ರಲ್ಲಿ ಸೇರಿದವು. ಭೌತಶಾಸ್ತ್ರದ ಲೆಕ್ಕದಲ್ಲಿ ಬರುವ ಪ್ಲಾಂಕ್ ಉದ್ದ ಒಂದು ಕ್ವೆಕ್ಟೊಮೀಟರಿನ ಲಕ್ಷದಲ್ಲಿ ಒಂದೂವರೆ ಪಾಲು ಚಿಲ್ಲರೆ. ಯಾರೂ ಅಳೆದದ್ದಲ್ಲ. ಆ ಎರಡು ಮೆಟ್ಟಿಲುಗಳನ್ನು ಸಣ್ಣದನ್ನು ಅಳೆಯುವವರು ಕೇಳಿ ಹಾಕಿಸಿಕೊಂಡದ್ದೂ ಅಲ್ಲ. ಕಂಪ್ಯೂಟರಿನ ಮಾಹಿತಿ ಬೆಟ್ಟದಷ್ಟು ಬೆಳೆದು ದೊಡ್ಡ ಸಂಖ್ಯೆಗಳಿಗೆ ರೊನ್ನಾ, ಕ್ವೆಟ್ಟಾ ಎಂಬ ಹೊಸ ಹೆಸರು ಬೇಕಾಯಿತು. ಮೇಲೆ ಎರಡು ಇಟ್ಟ ಮೇಲೆ ಜೋಡಿ ತಪ್ಪಬಾರದೆಂದು ಕೆಳಗೂ ಎರಡು ಇಟ್ಟರು.